ಪರಮಾಣುವಿನ ಅಭ್ಯಾಸವೂ ಗಣಕಯಂತ್ರವೂ

(ಶ್ರೀಮಠದ ಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಮಠದ ಮಹೋತ್ಸವದಲ್ಲಿ ಷಟ್‌ಸ್ಥಲದ ನಿರೂಪಣೆ, ಶರಣರ ಚರಿತ್ರೆ, ವಚನಾರ್ಥಚಿಂತನೆ ಇವು ನಡೆಯತಕ್ಕುದು ವಾಡಿಕೆ. ಆದರೆ ಈ ಹೊತ್ತಿನ ವಿಷಯವು ಬೇರೊಂದು ಬಗೆಯದು. ಕಲ್ಲು, ಲೋಹ, ಸಕ್ಕರೆ, ನೀರು ಮೊದಲಾದ ಪದಾರ್ಥಗಳ ಗುಣಗಳನ್ನು ಅವುಗಳ ಪರಮಾಣುಗಳಿಂದ ಮೊದಲ್ಗೊಂಡು ಗಣಕಯಂತ್ರದಲ್ಲಿ ಲೆಕ್ಕ ಹಾಕಿ ತಿಳಿಯುವ ವಿದ್ಯೆಯೊಂದುಂಟು. ಆ ವಿದ್ಯೆಯನ್ನು ಕಲಿಯುವ ಬಗೆ ಹೇಗೆ, ಹಳ್ಳಿಯ ಮಕ್ಕಳಿಗೆ ಅದು ದಕ್ಕುವುದೇ, ಅದಕ್ಕಾಗಿ ಮಠದ ದಾಸೋಹದ ಹಣವನ್ನು ವೆಚ್ಚ ಮಾಡುವುದು ಯುಕ್ತವೇ ಎಂಬ ಮೂರು ಪ್ರಶ್ನೆಗಳು ಇಲ್ಲಿ ವಿಚಾರಕ್ಕೆ ಬಂದಿವೆ. ಭಕ್ತರು ಬೆವರು ಸುರಿಸಿ ಗಳಿಸಿ ಕೊಟ್ಟ ಕಾಣಿಕೆಯ ಮಾತಾದುದರಿಂದ ಇದನ್ನು ಹಗುರವಾಗಿ ತೆಗೆದುಕೊಳ್ಳಕೂಡದು.

ಮೊದಲು ವಿಷಯವನ್ನು ಅರಿಯುವ. ಈ ಸೀಮೆಯವರಿಗೆ ಆಲೆಮನೆ ಹೊಸದಲ್ಲ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುವಾಗ ಪಾಕವನ್ನು ಬಲ್ಲ ಹಿರಿಯನು ಹದವನ್ನು ನೋಡಿಯೇ ಇಳಿಸುತ್ತಾನೆ. ತುಸು ಮೊದಲೇ ಇಳಿಸಿದರೆ ಅದು ಕಾಕಂಬಿಯಂತೆ ತೆಳುವಾಗಿಯೇ ಉಳಿಯುವುದು, ತುಸು ತಡವಾದರೆ ಕರಿಕಾಗುವುದು. ರಸವೊಂದೇ, ಆದರೆ ಹದ ಬೇರೆಯಾದಂತೆ ಪದಾರ್ಥವೇ ಬೇರೆಯಾಗುವುದು. ಇದಕ್ಕೆ ಕಾರಣವೇನು? ಆ ರಸದೊಳಗಣ ಸಕ್ಕರೆಯ ಒಂದೊಂದು ಅಣುವಿನಲ್ಲಿಯೂ ೧೨ ಇಂಗಾಲದ, ೨೨ ಜಲಜನಕದ, ೧೧ ಆಮ್ಲಜನಕದ ಪರಮಾಣುಗಳು, ಒಟ್ಟು ೪೫ ಪರಮಾಣುಗಳು ಕೂಡಿಕೊಂಡಿವೆ. ಈ ಅಣುಗಳು ನೀರಿನ ಅಣುಗಳೊಡನೆ ಹೇಗೆ ಬೆರೆಯುತ್ತವೆ, ನೀರು ಆರಿದಂತೆ ಒಂದನ್ನೊಂದು ಹೇಗೆ ಹಿಡಿದುಕೊಳ್ಳುತ್ತವೆ ಎಂಬುದರ ಮೇಲೆ ಹದವು ನಿಂತಿದೆ. ಹಿರಿಯನ ಕೈ ಅರಿತದ್ದನ್ನು ಲೆಕ್ಕದಿಂದ ಅರಿಯುವ ಯತ್ನವೇ ಈ ವಿದ್ಯೆ.

ಇನ್ನೂ ಸ್ಪಷ್ಟವಾದ ದೃಷ್ಟಾಂತವು ವಜ್ರ ಮತ್ತು ಸೀಸದಕಡ್ಡಿಯ ಕರಿಯ ಪುಡಿ. ಎರಡೂ ಕೇವಲ ಇಂಗಾಲವೇ. ವಜ್ರದಲ್ಲಿ ಪ್ರತಿಯೊಂದು ಪರಮಾಣುವೂ ನಾಲ್ಕು ನೆರೆಯ ಪರಮಾಣುಗಳನ್ನು ನಾಲ್ಕು ದಿಕ್ಕಿಗೆ ಬಿಗಿಯಾಗಿ ಹಿಡಿದಿದೆ. ಕರಿಯ ಪುಡಿಯಲ್ಲಿಯಾದರೋ ಒಂದೊಂದು ಪರಮಾಣುವು ಮೂರನ್ನು ಹಿಡಿದು ಹಾಳೆಹಾಳೆಯಾಗಿ ನಿಂತಿದ್ದು, ಹಾಳೆಗಳ ನಡುವಣ ಹಿಡಿತವು ಸಡಿಲ. ಒಂದು ಗಾಜನ್ನು ಕೊಯ್ಯುತ್ತದೆ, ಇನ್ನೊಂದು ಕಾಗದದ ಮೇಲೆ ಉದುರುತ್ತದೆ. ದ್ರವ್ಯವೊಂದೇ ಆಗಿದ್ದರೂ ಜೋಡಣೆಯ ಭೇದದಿಂದ ಗುಣಭೇದವುಂಟಾಗುವುದೆಂಬುದು ಇದರಿಂದ ಸಿದ್ಧವಾಯಿತು. ಹಾಗಾದರೆ ಜೋಡಣೆಯನ್ನು ಬಲ್ಲವನು ಗುಣವನ್ನು ಮುಂಗಂಡು ಹೇಳಬಲ್ಲನೇ? ಬಲ್ಲನು, ಆದರೆ ಅದಕ್ಕೆ ಬಹಳ ಲೆಕ್ಕ ಬೇಕು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಪರಮಾಣುವೆಂದೊಡನೆ ಪಾಠಶಾಲೆಯಲ್ಲಿ ಓದಿದವರಿಗೆ ಕಣಾದ ಮಹರ್ಷಿಯ ವೈಶೇಷಿಕ ದರ್ಶನವು ನೆನಪಾಗುವುದು. ಎರಡು ಪರಮಾಣುಗಳು ಕೂಡಿ ದ್ವ್ಯಣುಕವೆಂತಲೂ, ಮೂರು ದ್ವ್ಯಣುಕಗಳು ಕೂಡಿ ತ್ರ್ಯಣುಕವೆಂತಲೂ, ಕಿಂಡಿಯಿಂದ ಬರುವ ಬಿಸಿಲಿನಲ್ಲಿ ತೇಲುವ ರಜಸ್ಸೇ ಆ ತ್ರ್ಯಣುಕವೆಂತಲೂ ಅಲ್ಲಿ ನಿರೂಪಿತವಾಗಿದೆ. ಕಾಣುವ ಸ್ಥೂಲಕ್ಕೆ ಕಾಣದ ಸೂಕ್ಷ್ಮವೇ ಕಾರಣವೆಂದು ತರ್ಕದಿಂದ ಕಂಡ ಆ ಪ್ರಾಚೀನರ ಬುದ್ಧಿಗೆ ಕೈಮುಗಿಯಲೇಬೇಕು. ಆದರೆ ಇಂದಿನ ಪರಮಾಣುವು ಅದಲ್ಲ. ಬಿಸಿಲಿನ ಒಂದು ಧೂಳಿನ ಕಣದಲ್ಲಿ ಆರಲ್ಲ, ಕೋಟಿಕೋಟಿ ಪರಮಾಣುಗಳಿವೆ. ಇಂದಿನ ಪರಮಾಣುವಿಗೆ ಭಾಗಗಳೂ ಉಂಟು. ನಡುವೆ ಬೀಜವೂ ಅದರ ಸುತ್ತಲೂ ಎಲೆಕ್ಟ್ರಾನುಗಳೂ ಇವೆ. ಹೆಸರು ಒಂದೆಂಬ ಮಾತ್ರದಿಂದ ವಸ್ತುವೂ ಒಂದೆಂದು ಸಾಧಿಸಹೊರಟರೆ ಅದು ಪ್ರಾಚೀನರಿಗೂ ಗೌರವವಲ್ಲ, ಇಂದಿನವರಿಗೂ ನ್ಯಾಯವಲ್ಲ. ಪ್ರಾಚೀನರಿಂದ ಪಡೆಯತಕ್ಕುದು ಬೇರೊಂದುಂಟು, ಅದೇ ಪ್ರಮಾಣವಿಚಾರ. ಅದು ಮುಂದೆ ಬರುವುದು.

ಪರಮಾಣುಗಳ ಅಳತೆಯನ್ನು ಮನಸ್ಸಿಗೆ ತಂದುಕೊಳ್ಳಬೇಕಾದರೆ ಹೀಗೆ ಎಣಿಸಬೇಕು. ಒಂದು ಮಿಲಿಮೀಟರನ್ನು ಒಂದು ಕೋಟಿ ಪಾಲು ಮಾಡಿದರೆ ಅದರಲ್ಲೊಂದು ಪಾಲಿಗೆ ಆಂಗ್‌ಸ್ಟ್ರಾಮ್ ಎಂದು ಹೆಸರು. ಪರಮಾಣುಗಳ ನಡುವಣ ದೂರವು ಇಂಥ ಎರಡು ಮೂರು ಪಾಲುಗಳಷ್ಟು. ಕೇವಲ ೧೮ ಗ್ರಾಂ ನೀರಿನಲ್ಲಿ, ಅಂದರೆ ಒಂದು ಗುಟುಕಿನಷ್ಟರಲ್ಲಿ, ೬ರ ಮುಂದೆ ೨೩ ಸೊನ್ನೆಗಳನ್ನಿಟ್ಟಷ್ಟು ಅಣುಗಳಿರುತ್ತವೆ. ಇವನ್ನೆಲ್ಲ ಒಂದೊಂದಾಗಿ ಲೆಕ್ಕಿಸುವುದು ಯಾವ ಯಂತ್ರದಿಂದಲೂ ಆಗದ ಮಾತು. ಆದುದರಿಂದ ಈ ವಿದ್ಯೆಯವರು ಕೆಲವನ್ನು ಮಾತ್ರ ತೆಗೆದುಕೊಂಡು, ಅವು ಎಲ್ಲವನ್ನೂ ಪ್ರತಿನಿಧಿಸುವಂತೆ ಯುಕ್ತಿಯನ್ನು ಹೂಡುತ್ತಾರೆ.

ಆ ಯುಕ್ತಿಯನ್ನು ದ್ರವಪದಾರ್ಥಕ್ಕೆ ಅನ್ವಯಿಸಿ ದಾರಿ ತೋರಿದವರಲ್ಲಿ ಅಗ್ರಗಣ್ಯರು ಇಲ್ಲಿಗೆ ದೂರದವರಲ್ಲ, ಹೈದರಾಬಾದಿನವರು. ೧೯೨೭ರಲ್ಲಿ ಅಲ್ಲಿ ಜನಿಸಿದ ಅನೀಸುರ್ ರಹಮಾನ್ ಎಂಬ ವಿದ್ವಾಂಸರು ಕೇಂಬ್ರಿಜ್‌ನಲ್ಲಿ ಓದಿ, ಮುಂದೆ ಅಮೇರಿಕದ ಆರ್ಗಾನ್ ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿದರು. ೧೯೬೪ರಲ್ಲಿ ಅವರು ದ್ರವರೂಪದ ಆರ್ಗಾನ್ ಎಂಬ ಅನಿಲದ್ರವ್ಯದ ೮೬೪ ಪರಮಾಣುಗಳ ಚಲನೆಯನ್ನು ಗಣಕಯಂತ್ರದಲ್ಲಿ ಲೆಕ್ಕ ಹಾಕಿ ಪ್ರಕಟಿಸಿದರು. ಅದರ ಕ್ರಮವು ಹೀಗೆ. ಪ್ರತಿಯೊಂದು ಪರಮಾಣುವೂ ಎಲ್ಲಿದೆಯೆಂದು ಬರೆದುಕೊಳ್ಳುವುದು. ನೆರೆಯ ಪರಮಾಣುಗಳು ಅದನ್ನು ಎಷ್ಟು ಎಳೆಯುತ್ತವೆ, ಎಷ್ಟು ತಳ್ಳುತ್ತವೆ ಎಂದು ಕೂಡಿಸುವುದು. ಆ ಬಲಕ್ಕೆ ತಕ್ಕಂತೆ ಅತ್ಯಲ್ಪ ಕಾಲದಲ್ಲಿ ಅದು ಎಷ್ಟು ಸರಿಯುವುದೆಂದು ನ್ಯೂಟನ್ನನ ನಿಯಮದಿಂದ ಕಂಡು, ಹೊಸ ಸ್ಥಾನದಲ್ಲಿಡುವುದು. ಮತ್ತೆ ಮೊದಲಿನಿಂದ ಅದೇ ಲೆಕ್ಕ. ಆ ಅತ್ಯಲ್ಪ ಕಾಲವೆಂದರೆ ಒಂದು ಸೆಕೆಂಡನ್ನು ಕೋಟಿಯಿಂದ ಭಾಗಿಸಿ, ಬಂದುದನ್ನು ಮತ್ತೆ ಕೋಟಿಯಿಂದ ಭಾಗಿಸಿದಷ್ಟು. ಇಂಥ ಒಂದು ಲಕ್ಷ ಹೆಜ್ಜೆಗಳನ್ನಿಟ್ಟರೂ ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿನ ಕಥೆ ಮಾತ್ರ ತಿಳಿಯುವುದು.

೮೬೪ ಪರಮಾಣುಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟರೆ ಬಹುಪಾಲು ಗೋಡೆಯ ಬಳಿಯೇ ಇರುವುವಲ್ಲವೇ, ಅದು ನಿಜವಾದ ದ್ರವವಾಗುವುದು ಹೇಗೆ ಎಂದು ಕೇಳಬಹುದು. ಅದಕ್ಕೆ ಪರಿಹಾರವುಂಟು. ಪೆಟ್ಟಿಗೆಯ ಸುತ್ತಲೂ ಅದರಂಥದೇ ಪೆಟ್ಟಿಗೆಗಳು ಕೊನೆಯಿಲ್ಲದೆ ಸಾಲಾಗಿವೆಯೆಂದು ಭಾವಿಸುತ್ತಾರೆ. ಪೂರ್ವದ ಬಾಗಿಲಿನಿಂದ ಹೊರಟವನು ಅದೇ ಕ್ಷಣದಲ್ಲಿ ಪಶ್ಚಿಮದ ಬಾಗಿಲಿನಿಂದ ಒಳಬಂದಂತೆ ಪರಮಾಣುಗಳು ತಿರುಗುತ್ತವೆ. ಆಗ ಗೋಡೆಯೆಂಬುದೇ ಇಲ್ಲವಾಗುವುದು. ರಹಮಾನರು ಹೀಗೆ ಕಂಡ ದ್ರವದ ಗುಣಗಳು ಪ್ರಯೋಗದಲ್ಲಿ ಅಳೆದವುಗಳಿಗೆ ಬಹಳ ಹತ್ತಿರವಾಗಿದ್ದವು. ೧೯೮೭ರಲ್ಲಿ ಅವರು ಕಾಲವಶರಾದ ಮೇಲೆ ಅಮೇರಿಕದ ಭೌತವಿಜ್ಞಾನಿಗಳ ಸಂಘವು ಅವರ ಹೆಸರಿನಲ್ಲಿಯೇ ಪಾರಿತೋಷಕವನ್ನು ಸ್ಥಾಪಿಸಿದೆ.

ಆದರೆ ಪರಮಾಣುಗಳು ಒಂದನ್ನೊಂದು ಎಳೆಯುವ ಬಲವು ಎಲ್ಲಿಂದ ಬಂತು? ಅದು ಎಲೆಕ್ಟ್ರಾನುಗಳಿಂದ. ಎಲೆಕ್ಟ್ರಾನುಗಳ ನಡೆಯನ್ನು ಹೇಳುವ ಸಮೀಕರಣವನ್ನು ೧೯೨೬ರಲ್ಲಿ ಶ್ರೋಡಿಂಗರ್ ಎಂಬ ಪಂಡಿತರು ಕೊಟ್ಟರು. ಸಮೀಕರಣವು ದೊರೆತರೂ ಅದನ್ನು ಬಿಡಿಸುವುದು ದುಸ್ಸಾಧ್ಯವಾಯಿತು. ಸಿಲಿಕಾನ್ ಎಂಬ ಮೂಲದ್ರವ್ಯದ ಒಂದೇ ಒಂದು ಪರಮಾಣುವಿನಲ್ಲಿ ೧೪ ಎಲೆಕ್ಟ್ರಾನುಗಳಿವೆ. ಒಂದೊಂದಕ್ಕೂ ಉದ್ದ, ಅಗಲ, ಎತ್ತರ ಎಂದು ಮೂರು ಅಂಕೆಗಳು, ಒಟ್ಟು ೪೨. ಪ್ರತಿಯೊಂದು ಅಂಕೆಗೂ ಹತ್ತು ಬೆಲೆಗಳನ್ನಷ್ಟೇ ಇಟ್ಟುಕೊಂಡರೂ ಬರೆಯಬೇಕಾದ ಪಟ್ಟಿಯಲ್ಲಿ ೧ರ ಮುಂದೆ ೪೨ ಸೊನ್ನೆಗಳಷ್ಟು ಸಾಲುಗಳಾಗುವುವು. ಭೂಮಂಡಲದ ಕಾಗದವೆಲ್ಲವೂ ಅದಕ್ಕೆ ಸಾಲದು.

ಈ ಗಂಟನ್ನು ಬಿಡಿಸಿದವರು ವಾಲ್ಟರ್ ಕೋನ್. ೧೯೨೩ರಲ್ಲಿ ವಿಯೆನ್ನಾ ನಗರದ ಯೆಹೂದಿ ಮನೆತನದಲ್ಲಿ ಹುಟ್ಟಿದ ಅವರನ್ನು ೧೯೩೯ರಲ್ಲಿ, ಇನ್ನೂ ಹದಿಹರೆಯದಲ್ಲಿರುವಾಗಲೇ, ಪ್ರಾಣರಕ್ಷಣೆಗಾಗಿ ಇಂಗ್ಲೆಂಡಿಗೆ ಕಳುಹಿಸಲಾಯಿತು. ತಾಯಿತಂದೆಗಳು ನಾತ್ಸಿಗಳಿಂದ ಹತರಾದರು. ಇಂಥ ದುಃಖವನ್ನುಂಡ ಆ ವಿದ್ವಾಂಸರು ೧೯೬೪ರಲ್ಲಿ ಹೋಹೆನ್‌ಬರ್ಗ್ ಎಂಬವರೊಡನೆಯೂ, ೧೯೬೫ರಲ್ಲಿ ಶಾಮ್ ಎಂಬವರೊಡನೆಯೂ ಕೂಡಿ ಒಂದು ಮಹತ್ತಾದ ತತ್ತ್ವವನ್ನು ತೋರಿಸಿದರು. ಪ್ರತಿಯೊಂದು ಎಲೆಕ್ಟ್ರಾನನ್ನೂ ಬೇರೆಬೇರೆಯಾಗಿ ಹಿಂಬಾಲಿಸಬೇಕಾದುದಿಲ್ಲ. ಯಾವ ಸ್ಥಳದಲ್ಲಿ ಎಲೆಕ್ಟ್ರಾನುಗಳ ದಟ್ಟಣೆ ಎಷ್ಟು ಎಂಬುದೊಂದನ್ನು ಅರಿತರೆ ಸಾಕು, ನೆಲೆನಿಂತ ಪದಾರ್ಥದ ಶಕ್ತಿಯು ಅದರಿಂದಲೇ ನಿಶ್ಚಿತವಾಗುವುದು. ಜಾತ್ರೆಗೆ ಬಂದ ಲಕ್ಷ ಜನರ ಹೆಸರುಗಳನ್ನು ಬರೆಯುವ ಬದಲು ಯಾವ ಬೀದಿಯಲ್ಲಿ ಎಷ್ಟು ದಟ್ಟಣೆಯಿದೆಯೆಂದು ನೋಡಿ ತೇರಿನ ದಾರಿಯನ್ನು ನಿಶ್ಚಯಿಸಿದಂತೆ ಇದು. ೪೨ ಅಂಕೆಗಳ ಜಾಗದಲ್ಲಿ ಮೂರೇ ಅಂಕೆಗಳು ಉಳಿದವು. ದಟ್ಟಣೆಯ ತತ್ತ್ವವೆಂದು ಹೆಸರಾದ ಈ ಕಾರ್ಯಕ್ಕಾಗಿ ೧೯೯೮ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು, ಜಾನ್ ಪೋಪಲ್ ಅವರೊಡನೆ, ಸಂದಿತು.

ಈಗ ಎರಡನೆಯ ಪ್ರಶ್ನೆ. ಈ ವಿದ್ಯೆಯು ಹಳ್ಳಿಯ ಮಕ್ಕಳಿಗೆ ದಕ್ಕುವುದೇ?

ಗೋಕಾವಿಯ ಜಲಪಾತವನ್ನು ಅರಿಯದವರು ಇಲ್ಲಿಲ್ಲ. ಘಟಪ್ರಭೆಯು ಅಲ್ಲಿ ಸುಮಾರು ೫೨ ಮೀಟರಿನಷ್ಟು ಕೆಳಗೆ ಧುಮುಕುತ್ತದೆ. ೧೮೮೭ರಷ್ಟು ಹಿಂದೆಯೇ ಆ ನೀರಿನ ಬಲದಿಂದ ನೂಲಿನ ಗಿರಣಿಯ ಚಕ್ರಗಳು ತಿರುಗಿದವು. ನದಿಯು ಯಾವ ಬಂಡೆಯ ಮೇಲಿಂದ ಧುಮುಕುತ್ತದೆಯೋ ಅದು ಮರಳುಗಲ್ಲು. ಮರಳೆಂದರೆ ಬಹುಮಟ್ಟಿಗೆ ಸಿಲಿಕಾನ್ ಮತ್ತು ಆಮ್ಲಜನಕಗಳ ಕೂಟ. ಅದೇ ಸಿಲಿಕಾನನ್ನು ಶುದ್ಧಮಾಡಿ ಗಣಕಯಂತ್ರದ ಒಳಗಣ ಬಿಲ್ಲೆಗಳನ್ನೂ, ಹೊಲದ ಪಂಪುಗಳಿಗೆ ಬಿಸಿಲಿನಿಂದ ವಿದ್ಯುತ್ತನ್ನು ಕೊಡುವ ಫಲಕಗಳನ್ನೂ ಮಾಡುತ್ತಾರೆ. ಆದುದರಿಂದ ಈ ಸೀಮೆಯ ವಿದ್ಯಾರ್ಥಿಗೆ ಮೊದಲ ಪಾಠವು ಸಿಲಿಕಾನ್ ಆಗುವುದು ಯುಕ್ತವಾಗಿಯೇ ಇದೆ. ಲೋಕದಲ್ಲಿ ಈ ವಿದ್ಯೆಯನ್ನು ಕಲಿಯುವ ಬಹುಮಂದಿಗೆ ಮೊದಲ ಪಾಠವೂ ಅದೇ.

ಆ ಪಾಠವು ಹೀಗಿರುತ್ತದೆ. ಸಿಲಿಕಾನಿನ ಹರಳಿನಲ್ಲಿ ಎಂಟು ಪರಮಾಣುಗಳನ್ನೊಳಗೊಂಡ ಒಂದು ಘನಾಕೃತಿಯು ಮತ್ತೆ ಮತ್ತೆ ಜೋಡಿಸಲ್ಪಟ್ಟಿದೆ. ಪ್ರಯೋಗದಿಂದ ಅಳೆದಿರುವಂತೆ ಅದರ ಅಂಚು ೫.೪೩ ಆಂಗ್‌ಸ್ಟ್ರಾಮ್. ವಿದ್ಯಾರ್ಥಿಯು ಈ ಅಂಕೆಯನ್ನು ಯಂತ್ರಕ್ಕೆ ಹೇಳಿಕೊಡಕೂಡದು. ಅಂಚನ್ನು ೫.೨, ೫.೩, ೫.೪, ೫.೫, ೫.೬ ಎಂದು ಬೇರೆಬೇರೆಯಾಗಿ ಇಟ್ಟು, ಒಂದೊಂದಕ್ಕೂ ಶಕ್ತಿಯನ್ನು ಗಣಿಸಿ, ಶಕ್ತಿಯು ಎಲ್ಲಿ ಕನಿಷ್ಠವಾಗುವುದೆಂದು ಕಾಗದದ ಮೇಲೆ ರೇಖೆಯನ್ನೆಳೆದು ನೋಡಬೇಕು. ಪ್ರಕೃತಿಯು ಕನಿಷ್ಠಶಕ್ತಿಯ ಸ್ಥಾನದಲ್ಲಿಯೇ ನೆಲೆನಿಲ್ಲುವುದಾದುದರಿಂದ ಆ ಅಂಚೇ ಹರಳಿನ ಅಂಚು. ಅದಕ್ಕೂ ಮುಂಚೆ ಮತ್ತೊಂದು ಪರೀಕ್ಷೆಯಾಗಬೇಕು. ಲೆಕ್ಕವನ್ನು ಎಷ್ಟು ಸೂಕ್ಷ್ಮವಾಗಿ ಮಾಡುವುದೆಂಬುದು ವಿದ್ಯಾರ್ಥಿಯ ಕೈಯಲ್ಲಿದೆ. ಜರಡಿಯ ಕಣ್ಣು ದೊಡ್ಡದಾದರೆ ಹೊಟ್ಟೂ ಇಳಿಯುವಂತೆ, ಸೂಕ್ಷ್ಮತೆ ಸಾಲದಿದ್ದರೆ ತಪ್ಪೂ ಬೆರೆತು ಬರುವುದು. ಆದುದರಿಂದ ಸೂಕ್ಷ್ಮತೆಯನ್ನು ಹೆಚ್ಚಿಸುತ್ತ ಹೋಗಿ, ಇನ್ನು ಹೆಚ್ಚಿಸಿದರೂ ಉತ್ತರವು ಬದಲಾಗದೆಂದು ಕಂಡ ಮೇಲೆಯೇ ಆ ಉತ್ತರವನ್ನು ಪುಸ್ತಕದಲ್ಲಿ ಬರೆದುಕೊಳ್ಳಬೇಕು.

ಈ ಚಿಕ್ಕ ಲೆಕ್ಕಕ್ಕೆ ಮಹಾಯಂತ್ರವೇನೂ ಬೇಡ. ಮನೆಯಲ್ಲಿಡುವ ಸಾಮಾನ್ಯ ಗಣಕಯಂತ್ರವೇ ಇದನ್ನು ಕೆಲವು ನಿಮಿಷಗಳಲ್ಲಿ ಮಾಡಿ ಮುಗಿಸುವುದು. ಬೇಕಾದ ತಂತ್ರಾಂಶಗಳೂ ಹಣವಿಲ್ಲದೆ ದೊರೆಯುತ್ತವೆ. ದಟ್ಟಣೆಯ ತತ್ತ್ವದಿಂದ ಗಣಿಸುವ ಕ್ವಾಂಟಮ್ ಎಸ್ಪ್ರೆಸೊ ಎಂಬುದೂ, ರಹಮಾನರ ರೀತಿಯಲ್ಲಿ ಪರಮಾಣುಗಳನ್ನು ನಡೆಸುವ ಲ್ಯಾಂಪ್ಸ್ ಎಂಬುದೂ ಯಾರು ಬೇಕಾದರೂ ಪಡೆದು, ತೆರೆದು ಓದಿ, ತಿದ್ದಿಕೊಳ್ಳಬಹುದಾದವು. ವಿದ್ವಾಂಸರು ತಾವು ಪಟ್ಟ ಶ್ರಮದ ಫಲವನ್ನು ಲೋಕಕ್ಕೆ ಹೀಗೆ ಹಂಚಿದುದನ್ನು ಜ್ಞಾನದಾಸೋಹವೆನ್ನದೆ ಮತ್ತೇನೆನ್ನಬೇಕು?

ಕಲಿಸುವವರೂ ಕನ್ನಡನಾಡಿನಲ್ಲಿಯೇ ಇದ್ದಾರೆ. ಬೆಂಗಳೂರಿನಲ್ಲಿ ೧೯೮೯ರಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರವು, ಮುಂದೆ ಭಾರತರತ್ನ ಪದವಿಯನ್ನು ಪಡೆದ ಸಿ. ಎನ್. ಆರ್. ರಾವ್ ಅವರು ಕಟ್ಟಿ ಬೆಳೆಸಿದ ಸಂಸ್ಥೆ. ಅಲ್ಲಿ ಉಮೇಶ ವಾಘ್ಮಾರೆ, ಶೋಭನಾ ನರಸಿಂಹನ್ ಮೊದಲಾದವರು ಈ ವಿದ್ಯೆಯಲ್ಲಿ ಲೋಕಪ್ರಸಿದ್ಧರು. ವಾಘ್ಮಾರೆಯವರಿಗೆ ೨೦೧೦ರಲ್ಲಿ ಶಾಂತಿಸ್ವರೂಪ ಭಟ್ನಾಗರ್ ಪಾರಿತೋಷಕವು ದೊರೆಯಿತು. ಶೋಭನಾ ಅವರ ಕಾರ್ಯವು ಇಲ್ಲಿಯ ತಾಯಂದಿರೂ ಕನ್ಯೆಯರೂ ವಿಶೇಷವಾಗಿ ಗಮನಿಸತಕ್ಕುದು. ಆಫ್ರಿಕಾ ಖಂಡದ ವಿದ್ಯಾರ್ಥಿಗಳಿಗಾಗಿ ೨೦೧೦ರಿಂದ ನಡೆದು ಬಂದಿರುವ ಪಾಠಶಿಬಿರಗಳಲ್ಲಿ ಅವರು ಇದೇ ವಿದ್ಯೆಯನ್ನು ಕಲಿಸಿದ್ದಾರೆ. ದೊಡ್ಡ ಪ್ರಯೋಗಶಾಲೆಗಳನ್ನು ಕಟ್ಟಲಾರದ ನಾಡುಗಳಿಗೆ ಲೆಕ್ಕದ ವಿದ್ಯೆಯು ಕೈಗೆಟುಕುವುದೆಂಬುದೇ ಆ ಶಿಬಿರಗಳ ಹಿಂದಿನ ವಿಚಾರ. ಬೆಂಗಳೂರಿನಿಂದ ಆಫ್ರಿಕಾಕ್ಕೆ ಹೋಗಬಲ್ಲ ವಿದ್ಯೆಯು ಬೆಂಗಳೂರಿನಿಂದ ಮೂಡಲಗಿಗೆ ಬರಲಾರದೇ? ಮುಂದೆ ದೊಡ್ಡ ಲೆಕ್ಕಗಳು ಬೇಕಾದವರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೨೦೨೨ರಲ್ಲಿ ನೆಲೆಗೊಂಡ ಪರಮ್ ಪ್ರವೇಗ ಎಂಬ ಮಹಾಗಣಕವುಂಟು. ಅದರ ವೇಗವು ಸೆಕೆಂಡಿಗೆ ೩೩ ಕೋಟಿ ಕೋಟಿ ಲೆಕ್ಕಗಳಷ್ಟು.

ಯಂತ್ರವು ಸುಲಭ, ತಂತ್ರಾಂಶವು ಉಚಿತ, ಆದುದರಿಂದ ವಿದ್ಯೆಯೂ ಸುಲಭವೆಂದು ಯಾರೂ ತಿಳಿಯಕೂಡದು. ಕಷ್ಟವು ಯಂತ್ರದಲ್ಲಿಲ್ಲ, ತಳಹದಿಯಲ್ಲಿದೆ. ವ್ಯಾಕರಣವನ್ನು ಕಲಿಯದೆ ಭಾಷ್ಯಕ್ಕೆ ಕೈಯಿಕ್ಕಿದವನ ಪಾಡು ಹೇಗೋ ಹಾಗೆ, ಗಣಿತವಿಲ್ಲದೆ ಈ ತಂತ್ರಾಂಶವನ್ನು ಮುಟ್ಟಿದವನ ಪಾಡು. ಮೊದಲು ಚಲನಗಣಿತ ಮತ್ತು ಮಾತೃಕೆಗಳ ಗಣಿತ, ಬಳಿಕ ಭೌತಶಾಸ್ತ್ರದಲ್ಲಿ ಶಾಖದ ನಿಯಮಗಳು ಮತ್ತು ಕ್ವಾಂಟಮ್ ಸಿದ್ಧಾಂತ, ಅದರೊಡನೆ ಯಂತ್ರಕ್ಕೆ ಆಜ್ಞೆ ಬರೆಯುವ ಪೈಥಾನ್ ಮೊದಲಾದ ಭಾಷೆಗಳಲ್ಲೊಂದು, ಕಡೆಯಲ್ಲಿ ತಂತ್ರಾಂಶ, ಇದು ಕ್ರಮ. ಎರಡೇ ಪರಮಾಣುಗಳ ಚಲನೆಯನ್ನು ತಾನೇ ಬರೆದ ನಾಲ್ಕು ಸಾಲಿನ ಆಜ್ಞೆಯಿಂದ ನಡೆಸಿ ನೋಡಿ, ಒಟ್ಟು ಶಕ್ತಿಯು ಹೆಚ್ಚುಕಡಿಮೆಯಾಗದೆ ನಿಂತುದನ್ನು ಕಂಡ ವಿದ್ಯಾರ್ಥಿಯು, ಸಾವಿರ ಪರಮಾಣುಗಳ ಚಿತ್ರವನ್ನು ಸುಮ್ಮನೆ ಕಂಡವನಿಗಿಂತ ಹೆಚ್ಚನ್ನು ಬಲ್ಲನು.

ಇನ್ನು ಮೇಲೆ ಹೇಳಿದ ಪ್ರಮಾಣವಿಚಾರ. ಗಣಕಯಂತ್ರವು ಕೊಟ್ಟ ಉತ್ತರವು ಯಾವ ಪ್ರಮಾಣ? ಪರದೆಯ ಮೇಲೆ ಪರಮಾಣುಗಳು ಬಣ್ಣಬಣ್ಣದ ಗುಂಡುಗಳಾಗಿ ಕಾಣುವುದರಿಂದ ಅದು ಪ್ರತ್ಯಕ್ಷವೆಂಬ ಭ್ರಮೆಯುಂಟಾಗುವುದು. ಅದು ಪ್ರತ್ಯಕ್ಷವಲ್ಲ, ಅನುಮಾನ. ಅನುಮಾನಕ್ಕೆ ವ್ಯಾಪ್ತಿಯು ಶುದ್ಧವಾಗಿರಬೇಕು, ಉಪಾಧಿಯು ಇರಕೂಡದು. ಹೊಗೆಯಿದ್ದಲ್ಲಿ ಬೆಂಕಿಯುಂಟೆಂಬುದು ನಿಜ, ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೆಂದರೆ ತಪ್ಪು, ಏಕೆಂದರೆ ಅಲ್ಲಿ ಹಸಿಯ ಸೌದೆಯೆಂಬ ಉಪಾಧಿಯಿದೆ ಎಂದು ನೈಯಾಯಿಕರು ಬಾಲಕರಿಗೆ ಮೊದಲೇ ಕಲಿಸುತ್ತಾರೆ. ಕೋನ್ ಅವರ ತತ್ತ್ವವು ಸರಿಯಾದದ್ದೇ. ಆದರೆ ಅದನ್ನು ಲೆಕ್ಕಕ್ಕೆ ಇಳಿಸುವಾಗ ಒಂದು ಅಂಶವು ಯಾರಿಗೂ ಪೂರ್ಣವಾಗಿ ತಿಳಿಯದುದಾಗಿ, ಅದಕ್ಕೆ ಅಂದಾಜನ್ನು ಇಟ್ಟುಕೊಳ್ಳುತ್ತಾರೆ. ಆ ಅಂದಾಜೇ ಇಲ್ಲಿಯ ಹಸಿಯ ಸೌದೆ.

ಅದರ ಪರಿಣಾಮವನ್ನು ಸಿಲಿಕಾನಿನಲ್ಲಿಯೇ ಕಾಣಬಹುದು. ಒಂದು ಬಗೆಯ ಅಂದಾಜಿನಿಂದ ಹರಳಿನ ಅಂಚು ೫.೪೦ರ ಸಮೀಪಕ್ಕೂ, ಇನ್ನೊಂದು ಬಗೆಯಿಂದ ೫.೪೭ರ ಸಮೀಪಕ್ಕೂ ಬರುತ್ತದೆ. ನಿಜವಾದ ೫.೪೩ಕ್ಕೆ ಎರಡೂ ಹತ್ತಿರವೇ, ಇಷ್ಟಕ್ಕೆ ಸಂತೋಷಪಡಬಹುದು. ಆದರೆ ಅದೇ ಲೆಕ್ಕದಿಂದ, ಎಲೆಕ್ಟ್ರಾನು ತನ್ನ ನೆಲೆಯನ್ನು ಬಿಟ್ಟು ವಿದ್ಯುತ್ತಾಗಿ ಹರಿಯಲು ಬೇಕಾಗುವ ಶಕ್ತಿಯ ಅಂತರವನ್ನು ಕೇಳಿದರೆ, ಪ್ರಯೋಗದಲ್ಲಿ ೧.೧ ಎಲೆಕ್ಟ್ರಾನ್‌ವೋಲ್ಟ್ ಇರುವಲ್ಲಿ ಯಂತ್ರವು ಅದರ ಅರ್ಧದಷ್ಟನ್ನೇ ಹೇಳುವುದು. ಜರಡಿಯನ್ನು ಎಷ್ಟು ಸೂಕ್ಷ್ಮಮಾಡಿದರೂ ಈ ತಪ್ಪು ಹೋಗುವುದಿಲ್ಲ. ಯಂತ್ರವು ಸುಳ್ಳು ಹೇಳಲಿಲ್ಲ, ಕೇಳಿದುದಕ್ಕೆ ಸರಿಯಾಗಿಯೇ ಉತ್ತರವಿತ್ತಿತು. ಆ ಅಂದಾಜಿನಿಂದ ಆ ಪ್ರಶ್ನೆಯನ್ನು ಕೇಳಬಾರದೆಂಬುದು ಕೇಳಿದವನಿಗೆ ತಿಳಿದಿರಬೇಕು. ಇದನ್ನರಿತ ವಿದ್ಯಾರ್ಥಿಯು ಬೇರೆ ಮೇಲಾದ ವಿಧಾನಗಳನ್ನು ಹಿಡಿಯುತ್ತಾನೆ, ಅರಿಯದವನು ತಪ್ಪನ್ನೇ ನಾಲ್ಕು ದಶಮಾಂಶಗಳವರೆಗೆ ಬರೆದು ಬೀಗುತ್ತಾನೆ. ಈ ವಿವೇಕವನ್ನು ಕಲಿಸುವುದು ಮಠದ ಪಾಠಶಾಲೆಗೆ ಹೊರಗಿನ ಕೆಲಸವಲ್ಲ. ಹೇತುವನ್ನೂ ಹೇತ್ವಾಭಾಸವನ್ನೂ ಬೇರ್ಪಡಿಸುವ ಅಭ್ಯಾಸವು ಇಲ್ಲಿ ಬಹುಕಾಲದಿಂದ ನಡೆದುಬಂದಿದೆ.

ಮೂರನೆಯ ಪ್ರಶ್ನೆಗೆ ಬರೋಣ. ಇದಕ್ಕೆ ದಾಸೋಹದ ಹಣವು ಸಲ್ಲುವುದೇ?

ಆಕ್ಷೇಪಗಳು ಎರಡು. ಅನ್ನಕ್ಕೆ ಮೀಸಲಾದ ಹಣವನ್ನು ಯಂತ್ರಕ್ಕೆ ಹಾಕುವುದು ಧರ್ಮವೇ ಎಂಬುದು ಮೊದಲನೆಯದು. ಈ ಸೀಮೆಯ ಹಿರಿಯರ ನಡೆಯೇ ಇದಕ್ಕೆ ಉತ್ತರವನ್ನು ಕೊಟ್ಟಿದೆ. ಶಿರಸಂಗಿಯ ಲಿಂಗರಾಜ ದೇಸಾಯರು ೧೯೦೬ರಲ್ಲಿ ಲಿಂಗೈಕ್ಯರಾಗುವುದಕ್ಕೆ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ವಿದ್ಯಾಭ್ಯಾಸಕ್ಕೆಂದು ಬರೆದಿಟ್ಟರು. ೧೯೧೬ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕೂಡಿ ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯನ್ನು ಕಟ್ಟಿದರು. ವಂಟಮುರಿಯ ರಾಜಾ ಲಖಮಗೌಡರು ಆ ಸಂಸ್ಥೆಯ ವಿಜ್ಞಾನ ಕಾಲೇಜಿಗೆ ಉದಾರವಾಗಿ ದಾನಮಾಡಿದರು, ಆ ಕಾಲೇಜು ಅವರ ಹೆಸರನ್ನೇ ಹೊತ್ತಿದೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಘಟಪ್ರಭೆಗೆ ಕಟ್ಟಿದ ಜಲಾಶಯಕ್ಕೂ ಅವರದೇ ಹೆಸರು. ಒಬ್ಬರೇ ದಾನಿಯ ಹೆಸರು ಹೊಲಕ್ಕೆ ಹರಿಯುವ ನೀರಿನ ಮೇಲೆಯೂ ವಿಜ್ಞಾನದ ಪಾಠದ ಮೇಲೆಯೂ ಇರುವುದು ಈ ನಾಡಿನ ಭಾಗ್ಯ. ಅನ್ನವನ್ನೂ ಅರಿವನ್ನೂ ಹಿರಿಯರು ಬೇರೆಬೇರೆ ಪಂಕ್ತಿಗಳಲ್ಲಿ ಕೂರಿಸಲಿಲ್ಲ.

ಎರಡನೆಯ ಆಕ್ಷೇಪವು ಹೆಚ್ಚು ಭಾರವಾದುದು. ಇದನ್ನು ಕಲಿತರೆ ಹೊಟ್ಟೆ ತುಂಬುವುದೇ ಎಂದು ತಂದೆತಾಯಿಗಳು ಕೇಳುತ್ತಾರೆ. ಎರಡೆಕರೆ ಕಬ್ಬಿನ ಮೇಲೆ ಸಾಲ ತೆಗೆದು ಮಗನನ್ನೋ ಮಗಳನ್ನೋ ಓದಿಸುವವರಿಗೆ ಈ ಪ್ರಶ್ನೆಯನ್ನು ಕೇಳುವ ಅಧಿಕಾರವುಂಟು, ಅವರಿಗೆ ಸಿಹಿಮಾತನ್ನಾಡಿ ಮರುಳುಮಾಡುವುದು ಪಾಪ. ಇದ್ದುದನ್ನು ಇದ್ದಂತೆ ಹೇಳಬೇಕು. ಈ ವಿದ್ಯೆಯಲ್ಲಿ ಪೂರ್ಣವಾಗಿ ನೆಲೆಯೂರಬೇಕಾದರೆ ಪದವಿಯ ಮೇಲೆ ಪದವಿ, ಅದರ ಮೇಲೆ ಸಂಶೋಧನೆ ಎಂದು ಹತ್ತು ವರ್ಷಗಳಾದರೂ ಬೇಕು. ಅಲ್ಲಿಗೆ ತಲುಪುವವರು ಕೆಲವರೇ. ಆದರೆ ಆ ದಾರಿಯಲ್ಲಿ ನಾಲ್ಕು ಹೆಜ್ಜೆಯಿಟ್ಟವನಿಗೂ ಗಣಿತ ಬರುವುದು, ಯಂತ್ರಕ್ಕೆ ಆಜ್ಞೆ ಬರೆಯಬರುವುದು, ಉತ್ತರವನ್ನು ಶಂಕಿಸಿ ಪರೀಕ್ಷಿಸಬರುವುದು. ಈ ಮೂರು ಇದ್ದವನು ಬೇರೆ ಕಾಯಕದಲ್ಲಿಯೂ ಬದುಕಿಕೊಳ್ಳುವನು. ಆದುದರಿಂದ ಎಲ್ಲರನ್ನೂ ಇದಕ್ಕೆ ಹಚ್ಚಬಾರದು, ಹಂಬಲವಿದ್ದವರನ್ನು ತಡೆಯಲೂಬಾರದು. ಕಲಿಯುವಾಗ ತಂದೆತಾಯಿಗಳ ಹೊಲವು ಅಡವಿಗೆ ಬೀಳದಂತೆ ನೋಡಿಕೊಳ್ಳುವುದೇ ಮಠದ ಪಾಲಿನ ಕರ್ತವ್ಯ.

ಹೇಗೆಂದರೆ, ಪ್ರಸಾದನಿಲಯದಲ್ಲಿ ಒಂದು ಕೋಣೆ, ನಾಲ್ಕಾರು ಗಣಕಯಂತ್ರಗಳು, ತಡೆಯಿಲ್ಲದ ವಿದ್ಯುತ್ತು, ಗಣಿತವನ್ನು ಕನ್ನಡದಲ್ಲಿ ಬಿಡಿಸಿ ಹೇಳಬಲ್ಲ ಒಬ್ಬ ಶಿಕ್ಷಕ, ಇಷ್ಟಿದ್ದರೆ ಆರಂಭಕ್ಕೆ ಸಾಕು. ಇದು ದೊಡ್ಡ ಮಾತೆಂದು ಅಂಜಬೇಕಾದುದಿಲ್ಲ. ಹಳ್ಳಿಗಳಿಗೆ ವಿದ್ಯುತ್ತೇ ಅಪರೂಪವಾಗಿದ್ದ ೧೯೬೯ರಲ್ಲಿ ಹುಕ್ಕೇರಿಯ ರೈತರು ತಾವೇ ಸಹಕಾರಿ ಸಂಘವನ್ನು ಕಟ್ಟಿಕೊಂಡು ಮನೆಮನೆಗೆ ದೀಪವನ್ನು ತಂದರು. ದೇಶದಲ್ಲಿ ಮೊತ್ತಮೊದಲು ಹುಟ್ಟಿದ ಅಂಥ ಕೆಲವೇ ಗ್ರಾಮೀಣ ವಿದ್ಯುತ್ ಸಂಘಗಳಲ್ಲಿ ಅದೂ ಒಂದು. ದೀಪವನ್ನು ತಾವೇ ತಂದುಕೊಂಡ ಸೀಮೆಯವರಿಗೆ ಒಂದು ಕೋಣೆಯ ಪಾಠವು ಭಾರವಾಗಲಾರದು. ಹೆಣ್ಣುಮಕ್ಕಳಿಗೆ ಅಲ್ಲಿ ಸಮಪಾಲು ಇರಬೇಕು. ಅನುಭವಮಂಟಪದಲ್ಲಿ ಸ್ತ್ರೀಪುರುಷರು ಸಮಾಸನದಲ್ಲಿ ಕುಳಿತರೆಂದು ಪ್ರತಿವರ್ಷವೂ ಹೊಗಳುವ ಸಮಾಜವು ಗಣಕಯಂತ್ರದ ಮುಂದೆ ಮಗಳಿಗೆ ಆಸನವಿಲ್ಲವೆಂದರೆ ಆ ಹೊಗಳಿಕೆಯು ಬಾಯಿಮಾತಾಗುವುದು. ಮತ್ತು ಇಲ್ಲಿ ಕಲಿತು ದೂರಕ್ಕೆ ಹೋದವರು ವರ್ಷಕ್ಕೆ ಒಂದು ವಾರವಾದರೂ ಬಂದು ಕಿರಿಯರಿಗೆ ಹೇಳಿಕೊಡತಕ್ಕುದು. ಉಂಡವರು ಬಡಿಸಲು ನಿಲ್ಲುವುದೇ ದಾಸೋಹದ ರೀತಿ.

ಕೋಣೆಯಲ್ಲಿ ಒಂದು ನಿಯಮವಿರಲಿ. ಪ್ರತಿಯೊಬ್ಬ ವಿದ್ಯಾರ್ಥಿಯೂ ಯಾವ ಅಂದಾಜಿನಿಂದ, ಎಷ್ಟು ಸೂಕ್ಷ್ಮತೆಯಿಂದ, ಏನನ್ನು ಗಣಿಸಿದೆನೆಂದು ತಪ್ಪದೆ ಬರೆದಿಡಲಿ. ತಾನು ಕಂಡುದನ್ನು ಮತ್ತೊಬ್ಬನು ಅದೇ ದಾರಿಯಲ್ಲಿ ನಡೆದು ಕಾಣುವಂತಿರಲಿ. ಪ್ರಯೋಗಕ್ಕೆ ಹೊಂದದ ಉತ್ತರವನ್ನು ಮುಚ್ಚಿಡದೆ ಮೊದಲು ಅದನ್ನೇ ಗುರುಗಳಿಗೆ ತೋರಿಸಲಿ. ಶರಣರು ನುಡಿಗೂ ನಡೆಗೂ ಭೇದವಿರಬಾರದೆಂದು ಬದುಕಿ ತೋರಿದರು. ಲೆಕ್ಕದ ವಿದ್ಯೆಯಲ್ಲಿ ನುಡಿಯೆಂದರೆ ಯಂತ್ರದ ಉತ್ತರ, ನಡೆಯೆಂದರೆ ಪದಾರ್ಥದ ವರ್ತನೆ. ಎರಡನ್ನೂ ಎದುರುಬದುರು ನಿಲ್ಲಿಸಿ ನೋಡುವವನೇ ಈ ವಿದ್ಯೆಯಲ್ಲಿ ಪ್ರಾಮಾಣಿಕನು.

ಈ ಮಹೋತ್ಸವದ ನೆನಪಿಗೆ ಕಲ್ಲಿನ ಕಮಾನೊಂದನ್ನು ಕಟ್ಟಿಸಬಹುದು. ಅದೂ ಒಳ್ಳೆಯದೇ, ಕಣ್ಣಿಗೆ ಹಬ್ಬವಾಗುವುದು. ಅದರೊಡನೆ ಆ ಕಲ್ಲಿನೊಳಗೆ ಏನಿದೆಯೆಂದು ಬಲ್ಲ ಹತ್ತು ಮಕ್ಕಳನ್ನು ಈ ಸೀಮೆಯು ಬೆಳೆಸಿದರೆ ಮಹೋತ್ಸವವು ಪೂರ್ಣಾರ್ಥದಲ್ಲಿ ಸಾರ್ಥಕವಾಗುವುದು. ಸದ್ಭಕ್ತರು ಈ ವಿಷಯವನ್ನು ಮನೆಗೆ ಹೋಗಿ ಮಕ್ಕಳೊಡನೆ ಆಲೋಚಿಸಲಿ, ಶ್ರೀಗಳವರ ಅಪ್ಪಣೆಯಾದ ಬಳಿಕ ಕಾರ್ಯಕ್ಕೆ ಕೈಜೋಡಿಸಲಿ. ಶ್ರೀಗುರು ಬಸವೇಶ್ವರನ ಕೃಪೆಯು ಕಲಿಯುವವರ ಮೇಲೆಯೂ ಕಲಿಸುವವರ ಮ�ೇಲೆಯೂ ಇರಲೆಂದು ಪ್ರಾರ್ಥಿಸಿ, ಈ ವಾಕ್ಪುಷ್ಪವನ್ನು ಶ್ರೀಮಠದ ಗದ್ದುಗೆಗೆ ಸಮರ್ಪಿಸಲಾಗಿದೆ. ಶರಣು ಶರಣಾರ್ಥಿ.